ವರ್ಚುವಲ್ ಮಷೀನ್‌ಗಳನ್ನು ಬೇರೆ ಡ್ರೈವ್‌ಗೆ ಸಾಗಿಸುವುದು ಹೇಗೆ?

ಪ್ರಶ್ನೆ:
ಸಿ ಡ್ರೈವ್ ಪೂರ್ತಿ ತುಂಬಿಹೋಗಿದೆ. ವರ್ಚುವಲ್‌ಬಾಕ್ಸ್‌ನಲ್ಲಿ (ಕಂಪ್ಯೂಟರಿನೊಳಗೇ ಬೇರೆ ಕಂಪ್ಯೂಟರ್‌ಗಳನ್ನು, ಅಂದರೆ ವರ್ಚುವಲ್ ಮಷೀನ್‌ಗಳನ್ನು, ಓಡಿಸುವ ಸಾಫ್ಟ್‌ವೇರ್) ಮೂರು ಮಷೀನ್ ಇವೆ, ಒಟ್ಟು 140 ಜಿಬಿ. ಹೊಸ ಎಸ್‌ಎಸ್‌ಡಿ ಹಾಕಿದ್ದೇನೆ. ಫೋಲ್ಡರನ್ನು ಸುಮ್ನೆ ಕಟ್ ಮಾಡಿ ಅಲ್ಲಿ ಪೇಸ್ಟ್ ಮಾಡಿದರೆ ಸಾಕಾ? ಒಂದರಲ್ಲಿ ಆರು ಸ್ನ್ಯಾಪ್‌ಶಾಟ್ (ಮಷೀನಿನ ಆಯಾ ಹೊತ್ತಿನ ಸ್ಥಿತಿ ಉಳಿಸಿಟ್ಟದ್ದು) ಇವೆ, ಅವು ಹಾಳಾದರೆ ಎರಡು ತಿಂಗಳ ಕೆಲಸ ಹೋಗುತ್ತದೆ, ಅದೇ ಭಯ.

ಉತ್ತರ 1:
ಕಟ್-ಪೇಸ್ಟ್ ಬೇಡ. ಫೈಲ್ ಎಲ್ಲಿದೆ ಅಂತ ವರ್ಚುವಲ್‌ಬಾಕ್ಸ್ ಬರೆದಿಟ್ಟುಕೊಂಡಿರುತ್ತದೆ, ನೀವು ಎತ್ತಿಟ್ಟರೆ ಅದಕ್ಕೆ ಸಿಗುವುದಿಲ್ಲ. ಮಷೀನ್ ಪೂರ್ತಿ ಶಟ್‌ಡೌನ್ ಮಾಡಿ, ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ, 'ಮೂವ್' ಒತ್ತಿ ಹೊಸ ಜಾಗ ತೋರಿಸಿ. ಡಿಸ್ಕ್, ಸ್ನ್ಯಾಪ್‌ಶಾಟ್ ಎಲ್ಲ ಒಟ್ಟಿಗೆ ಹೋಗುತ್ತವೆ. ಅದಕ್ಕೂ ಮೊದಲು ಇಡೀ ಫೋಲ್ಡರಿನ ಒಂದು ಕಾಪಿ ಬೇರೆ ಕಡೆ ಇಟ್ಟುಕೊಳ್ಳಿ, ಇದನ್ನು ಮಾತ್ರ ಬಿಡಬೇಡಿ.

ಉತ್ತರ 2:
ಸ್ನ್ಯಾಪ್‌ಶಾಟ್ ವಿಷಯದಲ್ಲಿ ನಿಮ್ಮ ಭಯ ಸರಿಯೇ. ನಾನೊಮ್ಮೆ ಮುಖ್ಯ ವಿಡಿಐ ಫೈಲ್ (ಮಷೀನಿನ ಹಾರ್ಡ್ ಡಿಸ್ಕ್ ಆಗಿ ಕೆಲಸ ಮಾಡುವ ಫೈಲ್) ಒಂದನ್ನೇ ಒಯ್ದು ಹೊಸ ಮಷೀನ್‌ಗೆ ಜೋಡಿಸಿದೆ. ಆನ್ ಆಯಿತು, ಆದರೆ ಮೊದಲ ಸ್ನ್ಯಾಪ್‌ಶಾಟ್ ತೆಗೆಯುವ ಮುಂಚಿನ ಸ್ಥಿತಿಯಲ್ಲಿ! ಆಮೇಲಿನ ಬದಲಾವಣೆಗಳೆಲ್ಲ ಸ್ನ್ಯಾಪ್‌ಶಾಟ್ ಫೋಲ್ಡರಿನ ಫೈಲ್‌ಗಳಲ್ಲಿ ಇರುತ್ತವೆ ಅಲ್ವಾ. ಇನ್ನೊಂದು, ಹೊಸ ಡ್ರೈವ್‌ನ ಫಾರ್ಮ್ಯಾಟ್ ಎನ್‌ಟಿಎಫ್‌ಎಸ್ ಇರಲಿ. ಫ್ಯಾಟ್32 ಆದರೆ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಸುವುದಿಲ್ಲ.

ಉತ್ತರ 3:
ಪ್ರಿಫರೆನ್ಸಸ್‌ನಲ್ಲಿ 'ಡಿಫಾಲ್ಟ್ ಮಷೀನ್ ಫೋಲ್ಡರ್' ಕೂಡ ಬದಲಾಯಿಸಿ. ಇಲ್ಲದಿದ್ದರೆ ಮುಂದೆ ಮಾಡುವ ಮಷೀನ್ ಮತ್ತೆ ಸಿ ಡ್ರೈವ್‌ನಲ್ಲೇ ಬಂದು ಕೂರುತ್ತದೆ.

ಪ್ರಶ್ನೆ ಕೇಳಿದವರು:
ಚಿಕ್ಕದನ್ನು ಮೊದಲು ಮೂವ್ ಮಾಡಿ ನೋಡಿದೆ, ಸರಿಯಾಗಿ ಓಡುತ್ತಿದೆ. ಸ್ನ್ಯಾಪ್‌ಶಾಟ್ ಇರುವುದರ ಕಾಪಿ ಈಗ ಆಗುತ್ತಿದೆ. ತುಂಬಾ ಥ್ಯಾಂಕ್ಸ್.