ಚೆಂಡಿನ ಲೆಕ್ಕಕ್ಕೆ ಮೊದಲು ಗಾಳಿಯ ಲೆಕ್ಕ

ಅಳಿಯಂದಿರೇ, ಕಡಲಂಚಿನ ಬಂಡೆಯ ಮೇಲಿರುವ ಲಿಂಕ್ಸ್ ಮೈದಾನದಲ್ಲಿ ಮುಂದಿನ ವಾರ ಮೊದಲ ಸಲ ಗಾಲ್ಫ್ ಆಡಲಿದ್ದೇನೆ, ಚೀಲದಲ್ಲಿ ಎಷ್ಟು ಚೆಂಡು ಹಾಕಿಕೊಳ್ಳಲಿ ಎಂದು ಬೆಳಿಗ್ಗೆ ಈ ಗುಂಪಿನಲ್ಲಿ ಕೇಳಿದ್ದಿರಿ. ಒಂದು ಡಜನ್ ಸಾಕು, ಇಲ್ಲ, ಎರಡು ಡಜನ್ ಬೇಕು ಎಂದು ಬಂದ ಉತ್ತರಗಳನ್ನೂ ನೋಡಿದೆ. ಟೈಪ್ ಮಾಡಲು ಕೂತರೆ ಅರ್ಧಕ್ಕೇ ಬಿಟ್ಟೇನು ಎಂದು ಧ್ವನಿಯಲ್ಲೇ ಹೇಳುತ್ತಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ, ಬಿಡುವಾದಾಗ ಕೇಳಿ. ಅಲ್ಲಿ ಚೆಂಡು ಕಳೆದುಹೋಗುವುದು ಬಹುಪಾಲು ಕೈತಪ್ಪಿನಿಂದಲ್ಲ, ಗಾಳಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಗಜಗಳನ್ನು ಮಾತ್ರ ನಂಬಿ ಕ್ಲಬ್, ಅಂದರೆ ಹೊಡೆಯುವ ಕೋಲು, ಆರಿಸುವುದರಿಂದ.

ಕ್ಯಾಲಿಫೋರ್ನಿಯಾದ ಪೆಬಲ್ ಬೀಚ್ ಮೈದಾನದ 7ನೇ ಹೋಲ್, ಅಂದರೆ ಮೊದಲ ಹೊಡೆತದ ಜಾಗದಿಂದ ಕುಳಿಯವರೆಗಿನ ಹಾದಿ, ಸುಮಾರು 106 ಗಜ, ನೂರು ಮೀಟರ್ ಕೂಡ ಇಲ್ಲ. ಗಾಳಿ ಇಲ್ಲದ ದಿನ ವೃತ್ತಿಪರರು ಅಲ್ಲಿ ಹತ್ತಿರದ ಹೊಡೆತಕ್ಕಿರುವ ವೆಡ್ಜ್ ಕ್ಲಬ್ ಹಿಡಿದು ಮೆಲ್ಲಗೆ ಎತ್ತಿ ಹಾಕುತ್ತಾರೆ. 1992ರ ಯು.ಎಸ್. ಓಪನ್‌ನ ಕೊನೆಯ ದಿನ ಗಾಳಿ ಜೋರಾಗಿ ಎದ್ದಾಗ ಅಮೆರಿಕದ ಆಟಗಾರ ಟಾಮ್ ಕೈಟ್ ಅದೇ ಹೋಲ್‌ಗೆ ವೆಡ್ಜ್‌ಗಿಂತ ಬಹಳ ದೂರ ಹೊಡೆಯುವ 6 ಐರನ್ ಕ್ಲಬ್ ಬಳಸಿದರು. ಆದರೂ ಚೆಂಡು ಕುಳಿಯ ಸುತ್ತಲಿನ ನುಣುಪು ಹುಲ್ಲಿನ ಗ್ರೀನ್‌ನ ಎಡಕ್ಕೆ ಹೋಯಿತು. ಅಲ್ಲಿಂದ ಚಿಪ್ ಮಾಡಿ, ಅಂದರೆ ಚಿಕ್ಕ ಹೊಡೆತದಿಂದ ಎತ್ತಿ, ನೇರವಾಗಿ ಕುಳಿಗೆ ಹಾಕಿದರು, ಆ ಪ್ರಶಸ್ತಿಯನ್ನೂ ಗೆದ್ದರು. ಅಂತಹವರಿಗೇ ಫಲಕದಲ್ಲಿ ಬರೆದ ದೂರದ ಅಂಕಿ ಕೆಲಸಕ್ಕೆ ಬಾರದಿದ್ದರೆ ನಮ್ಮ ನಿಮ್ಮ ಮಾತೇನು ಹೇಳಿ.

ನಾನು ಮೊದಲ ಸಲ ಇಂತಹ ಮೈದಾನದಲ್ಲಿ ಆಡಿದಾಗ ಮೊದಲ ಹೊಡೆತ ಹೊಡೆಯುವ ಟೀ ಹತ್ತಿರ ಒಂದು ಹಿಡಿ ಹುಲ್ಲು ಕಿತ್ತು ಎದೆಯ ಮಟ್ಟದಿಂದ ಬಿಟ್ಟು ನೋಡಿದೆ. ಅದು ನನ್ನ ಬೂಟಿನ ಪಕ್ಕದಲ್ಲೇ ಬಿತ್ತು. ಗಾಳಿಯೇ ಇಲ್ಲವೆಂದುಕೊಂಡು ಎಂದಿನಂತೆ ಹೊಡೆದೆ. ಚೆಂಡು ಪೊದೆಗಳ ಎತ್ತರ ದಾಟುವವರೆಗೆ ನೇರವಾಗಿ ಹೋಗಿ, ಆಮೇಲೆ ಏರುತ್ತ ಏರುತ್ತ ಆಕಾಶದಲ್ಲಿ ನಿಂತಂತಾಗಿ, ಬಲಕ್ಕೆ ವಾಲಿ ಬಂಡೆಯಾಚೆ ಇಳಿದುಹೋಯಿತು. ನಾನು ನಿಂತಿದ್ದ ಜಾಗಕ್ಕೆ ದಿಬ್ಬದ ಮರೆ ಇತ್ತು. ದೂರದ ಗ್ರೀನ್ ಮೇಲಿನ ಬಾವುಟ ಮಾತ್ರ ಬಿಗಿಯಾಗಿ ಚಾಚಿಕೊಂಡು ಪಟಪಟನೆ ಹೊಡೆದುಕೊಳ್ಳುತ್ತಿತ್ತು, ಅದನ್ನು ನಾನು ನೋಡಿಯೇ ಇರಲಿಲ್ಲ. ಆದ್ದರಿಂದ ಹುಲ್ಲನ್ನು ನಂಬುವ ಮುನ್ನ ಬಾವುಟವನ್ನೂ, ಕೆಳಗೆ ಕಡಲಿನ ಮೇಲೆ ನೊರೆ ಯಾವ ಕಡೆಗೆ ಓಡುತ್ತಿದೆ ಎಂಬುದನ್ನೂ ನೋಡಿ.

ಎದುರುಗಾಳಿಯಲ್ಲಿ ಎಲ್ಲರೂ ಮಾಡುವ ತಪ್ಪು ಇನ್ನೂ ಬಲವಾಗಿ ಹೊಡೆಯುವುದು. ಬಲ ಹೆಚ್ಚಿದಷ್ಟೂ ಚೆಂಡು ಹಿಮ್ಮುಖವಾಗಿ ಹೆಚ್ಚು ತಿರುಗುತ್ತದೆ, ಆ ತಿರುಗುವಿಕೆಯನ್ನೇ ಹಿಡಿದು ಗಾಳಿ ಅದನ್ನು ಮೇಲಕ್ಕೆತ್ತುತ್ತದೆ, ಮೇಲೆ ಹೋದ ಚೆಂಡಿಗೆ ಮುಂದೆ ಹೋಗುವ ಕಸುವು ಉಳಿಯುವುದಿಲ್ಲ. ಎರಡು ಕ್ಲಬ್ ಹೆಚ್ಚಿಗೆ, ಅಂದರೆ ಎರಡು ಹಂತ ಹೆಚ್ಚು ದೂರ ಹೊಡೆಯುವ ಕ್ಲಬ್ ತೆಗೆದುಕೊಂಡು, ಹಿಡಿಯನ್ನು ಒಂದಂಗುಲ ಕೆಳಗೆ ಹಿಡಿದು, ಚೆಂಡನ್ನು ಸ್ವಲ್ಪ ಹಿಂದಿನ ಪಾದದ ಕಡೆಗೆ ಇಟ್ಟುಕೊಂಡು, ಮುಕ್ಕಾಲು ಸ್ವಿಂಗ್ ಮಾತ್ರ ಮಾಡಿ. ಅಡ್ಡಗಾಳಿ ನೆಲದಿಂದ ಕಡಲಿನ ಕಡೆಗೆ ಬೀಸುತ್ತಿದ್ದರೆ ನಿಮ್ಮ ಗುರಿ ನಾಚಿಕೆಯಿಲ್ಲದೆ ನೆಲದ ಕಡೆಗೇ ಇರಲಿ.

ನೆಲದ ವಿಷಯವನ್ನೂ ಹೇಳಬೇಕು. ಲಿಂಕ್ಸ್ ಎಂದರೆ ಕಡಲಿಗೂ ಉಳುವ ಭೂಮಿಗೂ ನಡುವಿನ ಮರಳು ದಿಬ್ಬಗಳ ಸೀಮೆ. ನೀರು ಬೇಗ ಇಂಗುತ್ತದೆ, ಫೆಸ್ಕ್ಯೂ ಹುಲ್ಲು ತೆಳ್ಳಗೆ ಬೆಳೆಯುತ್ತದೆ, ಚೆಂಡು ಬಿದ್ದ ಮೇಲೂ ಬಹುದೂರ ಉರುಳುತ್ತದೆ. ಬಂಡೆಯ ಮೇಲಿನ ಎಲ್ಲ ಮೈದಾನಗಳೂ ಹಾಗಿರುವುದಿಲ್ಲ. ಐರ್ಲೆಂಡಿನ ಓಲ್ಡ್ ಹೆಡ್‌ನಂತಹ ಹೆಸರುವಾಸಿ ಮೈದಾನ ಕಲ್ಲಿನ ಭೂಶಿರದ ಮೇಲಿರುವುದರಿಂದ ಅದನ್ನು ಅಸಲಿ ಲಿಂಕ್ಸ್ ಎನ್ನಲು ಹಲವರು ಒಪ್ಪುವುದಿಲ್ಲ. ನಡೆಯುವಾಗ ನಿಮ್ಮ ಪಾದಕ್ಕೇ ಗೊತ್ತಾಗುತ್ತದೆ: ನೆಲ ಗಟ್ಟಿಯಾಗಿದ್ದರೆ ಗ್ರೀನ್‌ನ ಹೊರಗಿನಿಂದಲೂ ಚೆಂಡು ಉರುಳಿಸುವ ಪಟರ್ ಕ್ಲಬ್ ಬಳಸಿ, ಮೆತ್ತಗಿದ್ದರೆ ಮಾತ್ರ ಎತ್ತಿ ಹಾಕಿ.

ಇನ್ನು ಅಂಚಿನ ಮಾತು. ಇದನ್ನು ದಯವಿಟ್ಟು ಎರಡು ಸಲ ಕೇಳಿ. 2022ರಲ್ಲಿ ಪೆಬಲ್ ಬೀಚ್‌ನ 8ನೇ ಹೋಲ್‌ನಲ್ಲಿ ಅಮೆರಿಕದ ಆಟಗಾರ ಜೋರ್ಡನ್ ಸ್ಪೀತ್ ಅವರ ಚೆಂಡು ಪ್ರಪಾತದ ಅಂಚಿನಲ್ಲೇ ನಿಂತಿತು. ಚೀಲ ಹೊರುವ ಸಹಾಯಕ ಕ್ಯಾಡಿ ಬೇಡವೆಂದರೂ ಅವರು ಅಲ್ಲಿ ನಿಂತೇ ಹೊಡೆದು, ಹೊಡೆದ ತಕ್ಷಣ ಹಿಂದಕ್ಕೆ ಓಡಿ ಬಂದರು, ಪಾರ್ ಕೂಡ ಮಾಡಿದರು, ಅಂದರೆ ಹೋಲ್‌ಗೆ ನಿಗದಿಯಾದಷ್ಟೇ ಹೊಡೆತದಲ್ಲಿ ಮುಗಿಸಿದರು. ಆದರೆ ಮತ್ತೊಮ್ಮೆ ಅವಕಾಶ ಸಿಕ್ಕರೆ ಹಾಗೆ ಹೊಡೆಯುವುದಿಲ್ಲವೆಂದು ಆಮೇಲೆ ಅವರೇ ಹೇಳಿದರು. ಅಂಚಿನಲ್ಲಿ ದಂಡದ ಪ್ರದೇಶ ಗುರುತಿಸುವ ಕೆಂಪು ಗೂಟಗಳಿದ್ದು ಚೆಂಡು ಅದರಾಚೆ ಹೋದರೆ ಒಂದೇ ಸ್ಟ್ರೋಕ್, ಅಂದರೆ ಒಂದು ಹೊಡೆತದ ದಂಡ. ಚೆಂಡು ಕೊನೆಯದಾಗಿ ಗಡಿ ದಾಟಿದ ಜಾಗದಿಂದ ಎರಡು ಕ್ಲಬ್ ಉದ್ದದೊಳಗೆ, ಹೋಲ್‌ಗೆ ಹತ್ತಿರವಾಗದಂತೆ ಚೆಂಡನ್ನು ಡ್ರಾಪ್ ಮಾಡಬಹುದು, ಅಂದರೆ ಕೈಯಿಂದ ಬೀಳಿಸಬಹುದು. ಮೈದಾನದ ಹೊರಗೆಂದು ತೋರಿಸುವ ಬಿಳಿ ಗೂಟಗಳಾದರೆ ಅದೇ ದಂಡದ ಜೊತೆಗೆ ಹಿಂದಿನ ಹೊಡೆತದ ಜಾಗಕ್ಕೇ ಮರಳಬೇಕು. ಚೆಂಡು ಹುಡುಕಲು 2019ರಿಂದ ಇರುವುದು ಮೂರೇ ನಿಮಿಷ. ಹೋದ ಚೆಂಡು ಎಲ್ಲಿ ಬಿತ್ತೆಂದು ಬಗ್ಗಿ ನೋಡಲು ಆ ಮೂರು ನಿಮಿಷವನ್ನೂ ಬಳಸಬೇಡಿ, ಬಂಡೆಯ ಅಂಚಿನ ಹುಲ್ಲಿನ ಕೆಳಗೆ ಎಷ್ಟು ಕಡೆ ಮಣ್ಣು ಕಳಚಿರುತ್ತದೆಯೋ ಮೇಲಿನಿಂದ ಕಾಣುವುದಿಲ್ಲ.

ಗ್ರೀನ್ ಮೇಲೆ ಗಾಳಿ ಚೆಂಡನ್ನು ಅಲುಗಿಸಿದರೆ ಗಾಬರಿ ಬೇಡ. ನೀವು ಅದನ್ನು ಒಮ್ಮೆ ಎತ್ತಿ ಮತ್ತೆ ಇಟ್ಟಿದ್ದರೆ ಮೊದಲಿನ ಜಾಗಕ್ಕೇ ತಂದಿಡಬೇಕು. ಎತ್ತಿಯೇ ಇರದಿದ್ದರೆ ಗಾಳಿ ತಂದು ನಿಲ್ಲಿಸಿದ ಜಾಗದಿಂದಲೇ ಆಡಬೇಕು. ಎರಡರಲ್ಲೂ ದಂಡವಿಲ್ಲ.

ಇಷ್ಟೆಲ್ಲ ಹೇಳಿ ಹೆದರಿಸಿದೆನೆಂದು ತಿಳಿಯಬೇಡಿ. ಪ್ರತಿ ಹೋಲ್‌ನಲ್ಲೂ ಹೊಡೆಯುವ ಸರದಿ ಬರುವವರೆಗೆ ಚೀಲ ಕೆಳಗಿಟ್ಟು ಕಡಲು ನೋಡಿ. ಅಲೆ ಬಂಡೆಗೆ ಬಡಿದದ್ದು ಮೊದಲು ಕಣ್ಣಿಗೆ ಕಂಡು, ಸದ್ದು ಕ್ಷಣ ಬಿಟ್ಟು ಮೇಲೆ ಬರುವುದನ್ನು ಕೇಳುವ ಸುಖ ಬೇರೆ ಯಾವ ಆಟದಲ್ಲೂ ನನಗೆ ಸಿಕ್ಕಿಲ್ಲ. ಚೆಂಡು ಒಂದು ಡಜನ್ ಸಾಕು. ಸ್ಕೋರ್ ಕಾರ್ಡ್ ಕೈಗೆ ಸಿಕ್ಕ ಕೂಡಲೇ ಅದರ ಎರಡೂ ಬದಿಯ ಫೋಟೋ ಇಲ್ಲಿ ಹಾಕಿ. ಅಲ್ಲಿನ ಸ್ಥಳೀಯ ನಿಯಮಗಳಲ್ಲಿ ಅಂಚಿಗೆ ಕೆಂಪೋ ಬಿಳಿಯೋ ಎಂದು ನೋಡಿ, ಯಾವ ಹೋಲ್ ಕಡಲಿಗೆ ಎಷ್ಟು ಹತ್ತಿರ ಹೋಗುತ್ತದೆಂದು ನಕ್ಷೆಯಲ್ಲಿ ಗುರುತಿಸಿ, ನೀವು ಟೀ ಹತ್ತಿರ ಹೋಗುವುದರೊಳಗೆ ಹೇಳುತ್ತೇನೆ.