ಸೆರಾಮಿಕ್ ಬಲ್ಬ್ ಹಾಕಿ ಮರಿಗಳನ್ನ ಬೆಚ್ಚಗಿಡೋದು ಹೇಗೆ? ವೈರಿಂಗ್‌ನವರನ್ನ ಕೇಳಿ

ಪ್ರಶ್ನೆ, ನಾಪೋಕ್ಲು ಕಡೆಯಿಂದ: ಅಣ್ಣ ನಮಸ್ಕಾರ. ಮೊನ್ನೆ 50 ಗಿರಿರಾಜ ಕೋಳಿಮರಿ ತಂದೆ, ಒಂದು ದಿನದ್ದು. ಹೋದ ವರ್ಷ ಕಕ್ಕಡ ತಿಂಗಳ ಮಳೇಲಿ ಹಳದಿ ಬಲ್ಬ್ ಹಾಕಿದ್ದೆ, ರಾತ್ರಿ ಇಡೀ ಬೆಳಕು, ಮರಿಗಳು ಮಲಗದೆ ಒಂದರ ಬಾಲ ಇನ್ನೊಂದು ಕುಕ್ಕಿ ರಕ್ತ ಮಾಡಿದ್ವು, ಅದು ಸಾಲದು ಅಂತ ಮಾಡಿನಿಂದ ಒಂದು ಹನಿ ನೀರು ಬಿದ್ದು ಬಲ್ಬ್ ಟಪ್ ಅಂತ ಒಡೆದುಹೋಯ್ತು. ಈಗ ಬೆಳಕೇ ಬರದ ಸೆರಾಮಿಕ್ ಬಲ್ಬ್ ಉಂಟು, ಕರೆಂಟೂ ಕಮ್ಮಿ ಎಳೀತದೆ ಅಂತ ಒಬ್ರು ಹೇಳಿದ್ರು, 100 ವ್ಯಾಟ್‌ದು ಆನ್‌ಲೈನಲ್ಲಿ ತರಿಸಿದೆ. ನಮ್ಮ ಹೋಲ್ಡರಿಗೆ ಕೂರೋದೇ ಇಲ್ಲ. ಏನ್ ಮಾಡ್ಲಿ?

ಉತ್ತರ: ಮೊದ್ಲು ಕರೆಂಟ್ ವಿಷಯ ಮುಗಿಸ್ತೇನೆ. 100 ವ್ಯಾಟ್ ಅಂದ್ರೆ 100 ವ್ಯಾಟೇ, ಬಲ್ಬ್ ಗಾಜಿಂದಾಗಲಿ ಪಿಂಗಾಣಿದಾಗಲಿ ಹತ್ತು ಗಂಟೆ ಉರಿದ್ರೆ ಒಂದು ಯೂನಿಟ್. ಹಳದಿ ಬಲ್ಬಲ್ಲೂ ಒಳಗೆ ಹೋಗೋ ಕರೆಂಟಲ್ಲಿ ನೂರಕ್ಕೆ ತೊಂಬತ್ತು ಪಾಲು ಬಿಸಿಯಾಗೇ ಹೊರಗೆ ಬರ್ತದೆ. ಹಾಗಾಗಿ ಉಳಿತಾಯ ಅಂತ ಹೇಳಿ ಯಾರಾದ್ರೂ ಮಾರಿದ್ರೆ ನಂಬಬೇಡಿ. ಲಾಭ ಬೇರೆ ಕಡೆ ಉಂಟು: ಬೆಳಕಿಲ್ಲ ಅಂದ್ರೆ ಮರಿ ರಾತ್ರಿ ಮಲಗ್ತದೆ, ಕುಕ್ಕೋದು ಕಮ್ಮಿ ಆಗ್ತದೆ, ತಂತಿ ಪಿಂಗಾಣಿ ಒಳಗೆ ಹೂತಿರೋದ್ರಿಂದ ಗಾಜಿನ ಥರ ಚೂರಾಗಿ ಮರಿ ಮೇಲೆ ಉದುರೋದಿಲ್ಲ. ಆದ್ರೂ ಸುಡ್ತಿರೋವಾಗ ಅದರ ಮೇಲೆ ನೀರು ಬಿದ್ರೆ ಅದೂ ಬಿರುಕು ಬಿಡ್ತದೆ, ಮಾಡು ಸೋರೋದನ್ನ ಮೊದ್ಲು ನಿಲ್ಲಿಸಿ.

ಇನ್ನು ಹೋಲ್ಡರ್. ನಮ್ಮಲ್ಲಿ ಮನೆಗಳಲ್ಲಿ ಇರೋದು ಎರಡು ಪಿನ್ನಿನ ಒತ್ತಿ ತಿರುಗಿಸೋ ಹೋಲ್ಡರ್, ಬಿ-22 ಅಂತೀವಿ. ಸೆರಾಮಿಕ್ ಬಲ್ಬ್ ಸಾಮಾನ್ಯವಾಗಿ ಬರೋದು ಚೂಡಿ, ಅಂದ್ರೆ ತಿರುಪಿನ ಹೋಲ್ಡರಿಗೆ, ಇ-27. ಅಂಗಡಿಗೆ ಹೋಗಿ ಕೇಳಿದ್ರೆ ಪಿನ್ನಿಂದ ಚೂಡಿಗೆ ಮಾಡೋ ಬಿಳಿ ಪ್ಲಾಸ್ಟಿಕ್ ಅಡಾಪ್ಟರ್ ಕೊಡ್ತಾರೆ. ದಯವಿಟ್ಟು ಅದನ್ನ ಹಾಕಬೇಡಿ. ನಾನೇ ಹಾಕಿ ಕೈ ಸುಟ್ಕೊಂಡವನು, ಇಪ್ಪತ್ತು ವರ್ಷ ವೈರಿಂಗ್ ಮಾಡಿ ನನಗೇ ಬುದ್ಧಿ ಇರ್ಲಿಲ್ಲ. ಮಾವನ ಕೋಳಿಗೂಡಿಗೆ ಸಂಜೆ ಹಾಕಿದ್ದೆ, ಬೆಳಿಗ್ಗೆ ನೋಡಿದ್ರೆ ಅಡಾಪ್ಟರ್ ಬೆಲ್ಲದ ಪಾಕದ ಥರ ಇಳಿದು ಬಲ್ಬ್ ಒಂದು ಕಡೆ ವಾಲಿದೆ, ಕೆಳಗೆ ಒಣ ಭತ್ತದ ಹೊಟ್ಟು, ಇನ್ನೊಂದು ಗಂಟೆ ಬಿಟ್ಟಿದ್ರೆ ಗೂಡೂ ಇಲ್ಲ ಮರಿಯೂ ಇಲ್ಲ. ಈ ಬಲ್ಬಿನ ಮೈ 200 ಡಿಗ್ರಿ ದಾಟ್ತದೆ, ದೊಡ್ಡ ವ್ಯಾಟ್‌ದಾದ್ರೆ ಇನ್ನೂ ಜಾಸ್ತಿ. ಪ್ಲಾಸ್ಟಿಕ್ಕಿನ ಕೆಲಸ ಅಲ್ಲ ಅದು.

ಪಿಂಗಾಣಿ ಚೂಡಿ ಹೋಲ್ಡರ್ ಕೇಳಿ ತಗೊಳ್ಳಿ. ಮಧ್ಯದ ಗುಂಡಿಗೆ ಫೇಸ್, ಸುತ್ತಿನ ಚೂಡಿಗೆ ನ್ಯೂಟ್ರಲ್. ಉಲ್ಟಾ ಕೊಟ್ರೆ ಬಲ್ಬ್ ಬಿಸಿ ಆಗ್ತದೆ ಸರಿ, ಆದ್ರೆ ಬಲ್ಬ್ ತಿರುಗಿಸೋವಾಗ ಚೂಡಿ ಮುಟ್ಟಿದವನಿಗೆ ಶಾಕ್. ಹೋಲ್ಡರ್ ಹತ್ತಿರದ ಒಂದು ಅಡಿ ವೈರಿಗೆ ಗ್ಲಾಸ್ ಫೈಬರ್ ಸ್ಲೀವ್ ಹಾಕಿ, ಮಾಮೂಲಿ ವೈರಿನ ಸಿಪ್ಪೆ ಅಲ್ಲಿ ಬಿಸಿಗೆ ಒಣಗಿ ಉದುರ್ತದೆ. ಬಲ್ಬಿನ ಭಾರ ವೈರ್ ಮೇಲೆ ಬಿಡಬೇಡಿ, ಸರಪಳಿ ಕಟ್ಟಿ, ಒಂದು ತುಂಡಾದ್ರೆ ಇನ್ನೊಂದು ಹಿಡೀಲಿ ಅಂತ ಬೈಂಡಿಂಗ್ ವೈರಲ್ಲಿ ಬೇರೆ ಜಾಗಕ್ಕೆ ಎರಡನೇ ಕಟ್ಟು. ಆ ಲೈನಿಗೆ, ಕರೆಂಟ್ ಸೋರಿದ್ರೆ ತಾನೇ ಲೈನ್ ಕಡಿಯೋ 30 ಮಿಲಿ ಆಂಪ್‌ದು ಆರ್‌ಸಿಸಿಬಿ ಇದ್ರೆ ನಾನು ರಾತ್ರಿ ನಿದ್ದೆ ಮಾಡ್ತೇನೆ, ಇಲ್ಲದ ಮನೆಗೆ ನಾನು ಇದನ್ನ ಹಾಕಿ ಕೊಡೋದೇ ಇಲ್ಲ.

ಅದೇ ನಾಪೋಕ್ಲು: ಸರಿ ಅಣ್ಣ ಪಿಂಗಾಣಿದು ತಂದೆ. ಎಷ್ಟು ಮೇಲೆ ಕಟ್ಲಿ? ಒಂದು ಸಾಕಾ?

ಉತ್ತರ: ಮರಿಗೆ ಎರಡು ವ್ಯಾಟ್ ಅಂತ ಲೆಕ್ಕ, ಹಾಗಾಗಿ 50ಕ್ಕೆ 100 ಸಾಕು, ಆದ್ರೆ ನನ್ನ ಕೇಳಿದ್ರೆ 60ರದ್ದು ಎರಡು ಹಾಕಿ. ನಡುರಾತ್ರಿ ಒಂದು ಹೋದ್ರೂ ಇನ್ನೊಂದು ಉಂಟಲ್ವಾ, ಬೆಳಕಿಲ್ಲದ ಬಲ್ಬ್ ಸತ್ತದ್ದು ಮನೆಯಿಂದ ನೋಡಿದ್ರೆ ಗೊತ್ತೂ ಆಗೋದಿಲ್ಲ. ಒಂದೂವರೆ ಅಡಿ ಎತ್ತರದಿಂದ ಶುರು ಮಾಡಿ, ಥರ್ಮಾಮೀಟರನ್ನ ಮರಿಯ ಬೆನ್ನಿನ ಮಟ್ಟಕ್ಕೆ ಇಡಿ, ಗೋಡೆಗೆ ನೇತು ಹಾಕಿದ್ರೆ ಅದು ಗೋಡೆ ಕಥೆ ಹೇಳ್ತದೆ ಅಷ್ಟೇ. ಮೊದಲ ವಾರ 35 ಡಿಗ್ರಿ, ಆಮೇಲೆ ವಾರಕ್ಕೆ ಮೂರು ಮೂರು ಕಮ್ಮಿ ಮಾಡ್ತಾ ಬನ್ನಿ, ಬಲ್ಬ್ ಬದಲಾಯಿಸೋದು ಬೇಡ, ಸರಪಳಿ ಮೇಲೆತ್ತಿದ್ರೆ ಆಯ್ತು.

ಇಡೀ ಗೂಡು 35 ಆಗಬಾರದು, ಇದನ್ನ ಎಲ್ರೂ ತಪ್ಪು ಮಾಡ್ತಾರೆ. ಬಲ್ಬ್ ಒಂದು ಮೂಲೆಗಿರಲಿ, ಎದುರು ಮೂಲೆ ತಣ್ಣಗಿರಲಿ, ನೀರು ಮೇವು ನಡುವೆ. ಸೆಕೆ ಆದ ಮರಿಗೆ ಓಡಿ ಹೋಗೋಕೆ ಜಾಗ ಬೇಕು. ಎಲ್ಲವೂ ಬಲ್ಬಿನ ಕೆಳಗೆ ಒಂದರ ಮೇಲೊಂದು ಬಿದ್ದು ಚಿಂವ್ ಚಿಂವ್ ಅಂತ ಕಿರುಚ್ತಿದ್ರೆ ಚಳಿ, ದೂರ ಹೋಗಿ ಬಾಯಿ ಬಿಟ್ಟು ರೆಕ್ಕೆ ಇಳಿಸಿ ನಿಂತಿದ್ರೆ ಸೆಕೆ, ಎಲ್ಲವೂ ಒಂದೇ ಪಕ್ಕಕ್ಕೆ ಒತ್ತಿದ್ರೆ ಇನ್ನೊಂದು ಪಕ್ಕದಿಂದ ಗಾಳಿ ಹೊಡೀತಿದೆ ಅಂತ. ಹರಡಿಕೊಂಡು ಕಾಲು ಚಾಚಿ ಮಲಗಿದ್ರೆ ನೀವೂ ಹೋಗಿ ಮಲಗಿ.

ಪ್ರಶ್ನೆ, ಕುಶಾಲನಗರ: ನಂದು ನಗಬೇಡಿ. ಬಲ್ಬ್ ಹಾಕಿದೆ, ಉರೀಲಿಲ್ಲ, ಡೂಪ್ಲಿಕೇಟ್ ಅಂತ ಬೈಕೊಂಡು ವಾಪಸ್ ಕಳಿಸೋಣ ಅಂತ ಬಿಚ್ಚೋಕೆ ಹೋದೆ, ಎರಡು ಬೆರಳಲ್ಲಿ ಬೊಕ್ಕೆ ಎದ್ದಿದೆ 😭

ಉತ್ತರ: ನಕ್ಕೆ, ಕ್ಷಮಿಸಿ. ಬೆಳಕು ಬರದೇ ಇರೋದೇ ಅದರ ಗುಣ, ಬಿಸಿ ಏರೋಕೂ ಕೆಲವು ನಿಮಿಷ ಬೇಕು, ಆಫ್ ಮಾಡಿದ ಮೇಲೂ ಬಹಳ ಹೊತ್ತು ಸುಡ್ತಾನೇ ಇರ್ತದೆ. ಸ್ವಿಚ್ ಪಕ್ಕ ಒಂದು ಸಣ್ಣ ಇಂಡಿಕೇಟರ್ ಹಾಕ್ಸಿ, ಮಕ್ಕಳಿರೋ ಮನೆ ಆದ್ರೆ ಬಲ್ಬಿನ ಸುತ್ತ ಕೋಳಿ ಮೆಶ್ ಪಂಜರ. ಹಾಂ, ಬಲ್ಬಿನ ಮೇಲೆ ಏನು ಬರೆದಿದೆ ನೋಡಿ. ಹೊರದೇಶದ್ದು ಕೆಲವು 110 ವೋಲ್ಟ್‌ದು ಬರ್ತದೆ, ನಮ್ಮ 230ಕ್ಕೆ ಹಾಕಿದ್ರೆ ನಾಲ್ಕು ಪಟ್ಟಿಗಿಂತ ಜಾಸ್ತಿ ಬಿಸಿಯಾಗಿ ಸುಟ್ಟುಹೋಗ್ತದೆ.

ಪ್ರಶ್ನೆ, ಸೋಮವಾರಪೇಟೆ: ಸರ್ ನಮ್ಮಲ್ಲಿ ಸಂಜೆ ಬಿಸೀನೇ ಬರಲ್ಲ, ರಾತ್ರಿ ಹನ್ನೊಂದರ ಮೇಲೆ ಸರಿಯಾಗುತ್ತೆ. ಬಲ್ಬ್ ಹಾಳಾ?

ಉತ್ತರ: ಬಲ್ಬಲ್ಲ, ವೋಲ್ಟೇಜ್. ವೋಲ್ಟೇಜ್ ಎಷ್ಟು ಇಳೀತದೋ ಬಿಸಿ ಅದಕ್ಕಿಂತ ಜಾಸ್ತಿ ಇಳೀತದೆ, ವೋಲ್ಟೇಜಿನ ವರ್ಗದ (ಸ್ಕ್ವೇರ್) ಲೆಕ್ಕ ಅದು. 230ರ ಬಲ್ಬಿಗೆ 180 ಬಂದ್ರೆ 100 ವ್ಯಾಟ್ ಹೋಗಿ 61 ವ್ಯಾಟ್ ಆಗ್ತದೆ. ರಾತ್ರಿ 250 ಆದ್ರೆ 118. ಸಂಜೆ ಚಳಿ ಅಂತ ಬಲ್ಬ್ ಇಳಿಸಿ ಕಟ್ಟಿ ಮಲಗಿದವರ ಮರಿ ಬೆಳಗಿನ ಜಾವ ಬೇಯೋದು ಹೀಗೇ. ಬಿಸಿ ಹಿಡಿತದಲ್ಲಿಡೋ ಒಂದು ಥರ್ಮೋಸ್ಟಾಟ್ ಹಾಕಿ, ಆನ್ ಆಫ್ ಆಗೋ ಸಾದಾ ಮಾದರಿ ಸಾಕು, ಬೆಳಕಿಲ್ಲದ್ದರಿಂದ ಆನ್ ಆಫ್ ಆದ್ರೂ ಮರಿಗೆ ಕಿರಿಕಿರಿ ಇಲ್ಲ. ಸೆನ್ಸರ್ ವೈರನ್ನ ಮರಿ ಕುಕ್ಕದ ಹಾಗೆ ಪೈಪೊಳಗೆ ಹಾಕಿ ತುದಿ ಮಾತ್ರ ಬೆನ್ನಿನ ಮಟ್ಟಕ್ಕೆ ಬಿಡಿ.

ಪ್ರಶ್ನೆ, ವಿರಾಜಪೇಟೆ: ನಮಗೆ ಮಳೆ ಶುರುವಾದ್ರೆ ಸಿಲ್ವರ್ ಮರ ಬಿದ್ದು ಎರಡು ಮೂರು ದಿನ ಕರೆಂಟೇ ಇಲ್ಲ. ಇನ್ವರ್ಟರಿಗೆ ಹಾಕಬಹುದಾ? ಹಂದಿಮರಿಗೆ.

ಉತ್ತರ: ಹಾಕಬಹುದು, ಎಷ್ಟು ಹೊತ್ತು ಅನ್ನೋದೇ ಪ್ರಶ್ನೆ. 150 ಆಂಪಿಯರ್ ಅವರ್ ಬ್ಯಾಟರಿ ಅಂದ್ರೆ 12 ವೋಲ್ಟ್ ಲೆಕ್ಕದಲ್ಲಿ 1800 ವ್ಯಾಟ್ ಅವರ್, ಅದರಲ್ಲಿ ಕೈಗೆ ಸಿಗೋದು 1200 ಅಂತಿಟ್ಕೊಳ್ಳಿ, ಒಂದು 100 ವ್ಯಾಟ್ ಬಲ್ಬಿಗೆ ಹನ್ನೆರಡು ಗಂಟೆ, ಅದೂ ಹೊಸ ಬ್ಯಾಟರಿ, ಅದೂ ನೀವು ಮನೆಯೊಳಗೆ ಟಿವಿ ಹಾಕದಿದ್ರೆ. ಎರಡನೇ ರಾತ್ರಿಗೆ ಬೇರೆ ದಾರಿ ನೋಡಬೇಕು. ಬಿಸಿನೀರು ತುಂಬಿದ ಕ್ಯಾನ್‌ಗೆ ಗೋಣಿ ಸುತ್ತಿ ಮರಿಗಳ ನಡುವೆ ಇಡಿ, ಆರಿದ ಹಾಗೆ ಬದಲಾಯಿಸ್ತಾ ಇರಿ, ಒಲೆಯಲ್ಲಿ ಹಂಡೆ ಇರೋ ಮನೆಗೆ ಇದು ಕಷ್ಟವಲ್ಲ. ಕೆಂಡದ ಮಡಕೆ ಮಾತ್ರ ಮುಚ್ಚಿದ ಗೂಡೊಳಗೆ ಬೇಡವೇ ಬೇಡ, ಅದರ ಹೊಗೆ ಕಾಣದಿದ್ರೂ ವಿಷ, ಪ್ರಾಣಿಯನ್ನೂ ಕೊಲ್ತದೆ, ನೋಡೋಕೆ ಹೋದ ಮನುಷ್ಯನನ್ನೂ.

ಹುಟ್ಟಿದ ಹಂದಿಮರಿಗೆ ಮೊದಲ ದಿನಗಳಲ್ಲಿ 32ರಿಂದ 35 ಬೇಕು, ತಾಯಿಗೆ ಇಪ್ಪತ್ತರ ಆಸುಪಾಸು ಸಾಕು. ಇಬ್ಬರಿಗೂ ಒಂದೇ ಬಿಸಿ ಕೊಟ್ರೆ ತಾಯಿ ಏದುಸಿರು ಬಿಟ್ಟು ಮೇವು ಬಿಡ್ತದೆ. ಮರಿ ಮಾತ್ರ ನುಸುಳೋ ಹಾಗೆ ಮೂಲೆಗೆ ಹಲಗೆ ಅಡ್ಡ ಕಟ್ಟಿ ಅದರೊಳಗೆ ಬಲ್ಬ್. ವೈರ್ ತಾಯಿಯ ಬಾಯಿಗೆ ಸಿಗಬಾರದು, ಹಂದಿ ಕಬ್ಬಿಣದ ಪೈಪ್ ಬಿಟ್ಟು ಉಳಿದದ್ದೆಲ್ಲ ಜಗೀತದೆ. ಮರಿಗೆ ಭೇದಿ, ಜ್ವರ ಅಂದ್ರೆ ನನ್ನ ಕೇಳಬೇಡಿ, ಪಶು ಡಾಕ್ಟರ್ ಹತ್ರ ಹೋಗಿ.

ಪ್ರಶ್ನೆ, ಮಡಿಕೇರಿ: ಪ್ರಾಣಿ ಅಲ್ಲ, ಬಟ್ಟೆ 🙂 ಜೂನಿಂದ ಸೆಪ್ಟೆಂಬರ್ ತನಕ ಬೀರುವಲ್ಲಿ ಬೂಷ್ಟು. ಅಜ್ಜಿ ಕಾಲದಿಂದ ಒಳಗೆ ಸೊನ್ನೆ ವ್ಯಾಟ್ ಬಲ್ಬ್ ಹಾಕ್ತಿದ್ವಿ. ಅದರ ಬದಲು ಇದು ಹಾಕ್ಲಾ?

ಉತ್ತರ: ಹಾಕಬೇಡಿ. ಸೀರೆಯ ಒಂದು ಸೆರಗು ಜಾರಿ ಆ 200 ಡಿಗ್ರಿ ಮೈಗೆ ತಾಗಿದ್ರೆ ಸಾಕು, ಬೀರು ಬಾಗಿಲು ಮುಚ್ಚಿರ್ತದೆ, ಬೆಳಕಿಲ್ಲ, ಹೊಗೆ ಬರೋ ತನಕ ಯಾರಿಗೂ ಗೊತ್ತಾಗೋದಿಲ್ಲ. ಬೂಷ್ಟಿಗೆ ಅಷ್ಟು ಬಿಸಿ ಬೇಕಾಗಿಯೂ ಇಲ್ಲ, ಹೊರಗಿಗಿಂತ ಎರಡು ಮೂರು ಡಿಗ್ರಿ ಜಾಸ್ತಿ ಇದ್ರೆ ಒಳಗಿನ ತೇವದ ಪ್ರಮಾಣ ಇಳೀತದೆ, ನಿಮ್ಮಜ್ಜಿ ಬಲ್ಬ್ ಮಾಡ್ತಿದ್ದದ್ದು ಅಷ್ಟೇ ಕೆಲಸ. ಅದೇ ಮುಂದುವರಿಸಿ, ಆದ್ರೆ ಎಲ್‌ಇಡಿ ಹಾಕಿ ಬಿಸಿ ಬರಲಿಲ್ಲ ಅಂತ ಆಮೇಲೆ ಫೋನ್ ಮಾಡಬೇಡಿ, 15 ವ್ಯಾಟಿನ ತಂತಿ ಬಲ್ಬ್ ಸಿಕ್ಕಿದ್ರೆ ಸುತ್ತ ಮೆಶ್ ಹಾಕಿ ಕೆಳಗಿನ ಖಾನೆಯಲ್ಲಿ ಒಂದೇ ಇಡಿ, ಆ ಖಾನೆಯಲ್ಲಿ ಬಟ್ಟೆ ಬೇಡ.

ನಾಪೋಕ್ಲು, ಮಾರನೇ ದಿನ: ಅಣ್ಣ 60ರದ್ದು ಎರಡು ಹಾಕಿದೆ. ಬಲ್ಬ್ ಕೆಳಗೆ 39, ಆಚೆ ಮೂಲೆ 28. ಸರಪಳಿ ನಾಲ್ಕು ಕೊಂಡಿ ಮೇಲೆತ್ತಿದೆ, ಈಗ 35. ರಾತ್ರಿ ಎರಡು ಗಂಟೆಗೆ ಟಾರ್ಚ್ ಹಾಕಿ ನೋಡಿದೆ, ಎಲ್ಲಾ ಹರಡಿ ಮಲಗಿದ್ವು, ಒಂದು ಮಾತ್ರ ನೀರಿನ ತಟ್ಟೆಯೊಳಗೆ ಕೂತಿತ್ತು.

ಉತ್ತರ: ತಟ್ಟೆಗೆ ಬೆಣಚುಕಲ್ಲು ತುಂಬಿಸಿ, ಒದ್ದೆಯಾದ ಮರಿಗೆ ಯಾವ ಬಲ್ಬೂ ಸಾಕಾಗೋದಿಲ್ಲ. ನಾಳೆ ಬೆಳಿಗ್ಗೆ ಸ್ವಿಚ್ ಆಫ್ ಮಾಡಿ ಅರ್ಧ ಗಂಟೆ ಬಿಟ್ಟು ಹೋಲ್ಡರ್ ಹತ್ತಿರದ ವೈರ್ ಮುಟ್ಟಿ ನೋಡಿ, ಗಟ್ಟಿಯಾಗಿದ್ರೆ ಇಲ್ಲಿ ಫೋಟೋ ಹಾಕಿ.