ಎರಡು ಸಲ ವೆಲ್ಡ್ ಮಾಡಿಸಿದರೂ ಟ್ರೈಲರ್ ಮೂತಿ ಅದೇ ಜಾಗದಲ್ಲಿ ಬಿರುಕು ಬಿಡುತ್ತಿದೆ, ತಪ್ಪು ಎಲ್ಲಿ?

ಕಬ್ಬಿನ ಗಾಡಿ (ಮಂಡ್ಯ)

ಎಲ್ಲರಿಗೂ ನಮಸ್ಕಾರ. ನಮ್ಮ ಟ್ರ್ಯಾಕ್ಟರ್ ಟ್ರೈಲರ್‌ನ ಮೂತಿ, ಅಂದರೆ ಹುಕ್‌ಗೆ ಸಿಕ್ಕಿಸುವ ರಿಂಗ್ ಇರುವ ಕಡೆ, ಬಿರುಕು ಬಿಟ್ಟಿದೆ. ಇದು ಎರಡನೇ ಸಲ. ಮೊದಲ ವೆಲ್ಡಿಂಗ್ ಇಪ್ಪತ್ತು ದಿನ ಬಂತು, ಎರಡನೆಯದು ಆರೇ ದಿನ. ಕಬ್ಬು ತುಂಬಿಕೊಂಡು ಫ್ಯಾಕ್ಟರಿಗೆ ಹೋಗುವಾಗ ನಾಲೆ ಏರಿಯ ಇಳಿಜಾರಲ್ಲಿ ಕಟ್ ಅಂತ ಸದ್ದು ಬಂತು, ಪುಣ್ಯಕ್ಕೆ ಪೂರ್ತಿ ಕಿತ್ತು ಬರಲಿಲ್ಲ. ಕಿತ್ತಿದ್ದರೆ ಹಿಂದೆ ಬರುತ್ತಿದ್ದ ಬೈಕಿನವರ ಗತಿ ಏನು ಅಂತ ನೆನೆಸಿಕೊಂಡರೆ ಈಗಲೂ ಕೈ ನಡುಗುತ್ತದೆ.

ವೆಲ್ಡಿಂಗ್ ಮಾಡಿದವರು ಅನುಭವಸ್ಥರು. ಬೀಡ್, ಅಂದರೆ ವೆಲ್ಡಿಂಗ್ ಗೆರೆ, ನೋಡಿದರೆ ಮೀನಿನ ಹುರುಪೆ ಜೋಡಿಸಿದ ಹಾಗೆ ಚೆನ್ನಾಗಿತ್ತು, ಮೇಲೆ ಬಣ್ಣವನ್ನೂ ಹೊಡೆದು ಕೊಟ್ಟರು. ಮೈಸೂರಿಗೆ ಹೋಗಿ ಎಕ್ಸ್‌ರೇ ತೆಗೆಸು ಅಂತ ಪಕ್ಕದ ಜಮೀನಿನವರು ಹೇಳುತ್ತಾರೆ. ನಿಜವಾಗಲೂ ಬೇಕಾ? ಮನೆಯಲ್ಲೇ ನೋಡಿ ತಿಳಿದುಕೊಳ್ಳುವ ದಾರಿ ಇದೆಯಾ?

ಗೇಟು ಗ್ರಿಲ್ಲು (ಮದ್ದೂರು)

ಫೋಟೋ ಹಾಕಿ ಗುರುಗಳೇ. ನೋಡದೆ ಹೇಳುವುದಾದರೆ ಕರೆಂಟ್ ಕಡಿಮೆ ಇಟ್ಟು ಎಳೆದಿರುತ್ತಾರೆ. ಹಳ್ಳಿ ಕಡೆ ಸಂಜೆ ವೋಲ್ಟೇಜ್ ಬೀಳುತ್ತದೆ, ಅದರ ಮೇಲೆ ಮೂವತ್ತು ಮೀಟರ್ ತೆಳು ವೈರ್ ಎಳೆದು ಮೆಷಿನ್ ಹಚ್ಚಿದರೆ ಮೆಷಿನ್ 120 ಆಂಪ್‌ಗೆ ಇಟ್ಟರೂ ರಾಡ್ ತುದಿಗೆ ಅಷ್ಟು ಬರುವುದಿಲ್ಲ. ಆಗ ಕರಗಿದ ಲೋಹ ಸುಮ್ನೆ ಮೇಲೆ ಕೂರುತ್ತದೆ, ತಳದ ಕಬ್ಬಿಣದ ಜೊತೆ ಸೇರುವುದೇ ಇಲ್ಲ. ಚಪಾತಿ ಮೇಲೆ ಬೆಣ್ಣೆ ಇಟ್ಟ ಹಾಗೆ. ನೋಡಲು ಚೆಂದ, ಒಳಗೆ ಹಿಡಿತ ಇಲ್ಲ. 6013 ನಂಬರಿನ ವೆಲ್ಡಿಂಗ್ ರಾಡ್ ಬಿಟ್ಟು 7018 ನಂಬರಿನ ರಾಡಲ್ಲಿ ಮಾಡಿಸಿ, ಸರಿ ಹೋಗುತ್ತದೆ.

ಕೂರ್ಗಳ್ಳಿ ಸೈಡು (ಮೈಸೂರು)

ಮದ್ದೂರಿನವರು ಹೇಳಿದ್ದು ಆಗಿರಬಹುದು, ಆದರೆ ಅಷ್ಟು ಬೇಗ ತೀರ್ಪು ಬೇಡ. ನಾನು ಹದಿನಾಲ್ಕು ವರ್ಷ ವೆಲ್ಡ್ ಇನ್‌ಸ್ಪೆಕ್ಷನ್ ಕೆಲಸ ಮಾಡಿದವನು. ಕೇಳುವ ಮೊದಲ ಪ್ರಶ್ನೆ ಒಂದೇ: ಬಿರುಕು ಎಲ್ಲಿದೆ? ಬೀಡ್‌ನ ನಡು ಉದ್ದಕ್ಕೂ ಇದೆಯಾ, ಬೀಡ್ ಮುಗಿಯುವ ಗುಳಿಯಲ್ಲಿ ನಕ್ಷತ್ರದ ಹಾಗೆ ಇದೆಯಾ, ಇಲ್ಲ ಬೀಡ್ ಪಕ್ಕದಲ್ಲಿ ಮೂಲ ಕಬ್ಬಿಣದಲ್ಲೇ ಇದೆಯಾ? ಮೂರಕ್ಕೂ ಕಾರಣ ಬೇರೆ ಬೇರೆ.

ಬಣ್ಣ ಹೊಡೆದಿದ್ದು ದೊಡ್ಡ ತಪ್ಪು. ವೈರ್ ಬ್ರಷ್‌ನಲ್ಲಿ ಪೂರ್ತಿ ತೆಗೆಯಿರಿ. ಗ್ರೈಂಡರ್ ಬೇಡ, ಅದು ಲೋಹವನ್ನು ತೀಡಿ ಸಣ್ಣ ಬಿರುಕಿನ ಬಾಯಿ ಮುಚ್ಚಿಬಿಡುತ್ತದೆ. ಆಮೇಲೆ ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ. ಬೀಡ್ ಅಂಚಿನಲ್ಲಿ ಉಗುರು ಸಿಕ್ಕುವ ಹಾಗೆ ಕಾಲುವೆ ಇದ್ದರೆ ಅದು ಅಂಡರ್‌ಕಟ್. ಹೊರೆ ಏರಿ ಇಳಿದು ಕುಲುಕುವ ಜಾಗದಲ್ಲಿ ಅರ್ಧ ಮಿ.ಮೀ. ಆಳದ ಅಂಡರ್‌ಕಟ್ ಕೂಡ ಬಿರುಕಿಗೆ ಬಾಗಿಲು ತೆಗೆದ ಹಾಗೆ. ಸೂಜಿ ಚುಚ್ಚಿದಂಥ ತೂತುಗಳಿದ್ದರೆ ಪೊರಾಸಿಟಿ: ಒದ್ದೆ ರಾಡು, ತುಕ್ಕು, ಗ್ರೀಸು, ಸತುವಿನ ಲೇಪ, ಇದರಲ್ಲಿ ಯಾವುದೋ ಒಂದು. ಒಂದೆರಡು ತೂತಿಗೆ ಯಾರೂ ಸಾಯುವುದಿಲ್ಲ. ಎಲ್ಲರೂ ಕಣ್ಣಿಗೆ ಕಾಣುವ ತೂತಿಗೆ ಹೆದರುತ್ತಾರೆ, ಕೂದಲೆಳೆಯಂಥ ಬಿರುಕನ್ನು ಮಾತ್ರ ಬಿಟ್ಟುಬಿಡುತ್ತಾರೆ. ಅದೇ ನನಗೆ ಬೇಜಾರು.

ಎಕ್ಸ್‌ರೇ ಸುದ್ದಿಗೆ ಹೋಗಬೇಡಿ. ಅದು ಪೈಪು, ಬಾಯ್ಲರ್, ಎರಡು ಪ್ಲೇಟನ್ನು ತುದಿಗೆ ತುದಿ ಸೇರಿಸಿದ ಜಾಯಿಂಟಿಗೆ ಸರಿ. ಇರಿಡಿಯಂ-192 ಥರದ ವಿಕಿರಣ ಮೂಲ ಬಳಸಲು ಅಣುಶಕ್ತಿ ನಿಯಂತ್ರಣ ಮಂಡಳಿಯ ಅನುಮತಿ ಬೇಕು, ಬೀದಿ ಬದಿ ವರ್ಕ್‌ಶಾಪಲ್ಲಿ ಮಾಡುವ ಕೆಲಸ ಅಲ್ಲ. ಮೂಲೆಯ ಫಿಲೆಟ್ ವೆಲ್ಡ್‌ಗೆ ಫಿಲ್ಮ್ ಸರಿಯಾಗಿ ಇಡಲೂ ಆಗುವುದಿಲ್ಲ. ಅದೂ ಅಲ್ಲದೆ ಎಕ್ಸ್‌ರೇಯಲ್ಲಿ ಗಾಳಿಗುಳ್ಳೆ, ಒಳಗೆ ಸಿಕ್ಕಿಕೊಂಡ ಸ್ಲ್ಯಾಗ್ (ವೆಲ್ಡಿಂಗ್ ಕಿಟ್ಟ) ಚೆನ್ನಾಗಿ ಕಾಣುತ್ತದೆ, ಕಿರಣಕ್ಕೆ ಅಡ್ಡಲಾಗಿ ಮಲಗಿದ ತೆಳು ಬಿರುಕು ತಪ್ಪಿಸಿಕೊಳ್ಳುತ್ತದೆ. ಅದನ್ನು ಹಿಡಿಯುವುದರಲ್ಲಿ ಶಬ್ದದ ಅಲೆ ಬಿಟ್ಟು ನೋಡುವ ಅಲ್ಟ್ರಾಸಾನಿಕ್ ಟೆಸ್ಟ್ ವಾಸಿ, ಆದರೆ ನಿಮ್ಮಂಥ ಸಣ್ಣ ಜಾಯಿಂಟಿಗೆ ಅದೂ ಜಾಸ್ತಿಯೇ.

ನಿಮಗೆ ಬೇಕಿರುವುದು ಡಿ.ಪಿ. ಟೆಸ್ಟ್, ಅಂದರೆ ಬಣ್ಣ ಇಳಿಸಿ ಬಿರುಕು ಹುಡುಕುವ ಡೈ ಪೆನೆಟ್ರೆಂಟ್ ಟೆಸ್ಟ್. ಮೂರು ಡಬ್ಬಿ ಸ್ಪ್ರೇ ಸಿಗುತ್ತದೆ: ಕ್ಲೀನರ್, ಕೆಂಪು ಪೆನೆಟ್ರೆಂಟ್, ಬಿಳಿ ಡೆವಲಪರ್. ಜಾಗ ಶುಚಿ ಮಾಡಿ, ಒಣಗಿಸಿ, ಕೆಂಪು ಹೊಡೆದು ಹತ್ತು ಹದಿನೈದು ನಿಮಿಷ ಬಿಡಿ. ಆಮೇಲೆ ಬಟ್ಟೆಗೆ ಕ್ಲೀನರ್ ಹಾಕಿಕೊಂಡು ಒರೆಸಿ. ನೇರವಾಗಿ ವೆಲ್ಡ್ ಮೇಲೆ ಕ್ಲೀನರ್ ಹೊಡೆದರೆ ಬಿರುಕಿನೊಳಗಿನ ಕೆಂಪೂ ತೊಳೆದು ಹೋಗುತ್ತದೆ, ಹತ್ತರಲ್ಲಿ ಎಂಟು ಜನ ಮಾಡುವ ತಪ್ಪು ಇದೇ. ಕೊನೆಗೆ ಬಿಳಿ ತೆಳುವಾಗಿ ಹೊಡೆದು ಕಾಯಿರಿ. ಬಿರುಕಿದ್ದರೆ ಬಿಳಿ ಮೇಲೆ ಕೆಂಪು ಗೆರೆ ಮೂಡುತ್ತದೆ. ಮೇಲೆ ಬಾಯಿ ತೆರೆದ ಬಿರುಕು ಮಾತ್ರ ಕಾಣುತ್ತದೆ, ಒಳಗಿನದು ಕಾಣುವುದಿಲ್ಲ, ಅದು ನೆನಪಿರಲಿ.

ಕಬ್ಬಿನ ಗಾಡಿ (ಮಂಡ್ಯ)

ಇಷ್ಟು ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್ ಸರ್. ಬಣ್ಣ ತೆಗೆದು ನೋಡಿದೆ. ಬೀಡ್ ಮೇಲೆ ಏನೂ ಇಲ್ಲ. ಬೀಡ್‌ನಿಂದ ಎರಡು ಮೂರು ಮಿ.ಮೀ. ದೂರದಲ್ಲಿ ರಿಂಗ್ ಕಡೆಗೇ ಗೆರೆ ಇದೆ, ಬೀಡನ್ನೇ ಹಿಂಬಾಲಿಸಿಕೊಂಡು ಹೋಗಿದೆ.

ಇನ್ನೊಂದು ಮಾತು, ಮೊದಲೇ ಹೇಳಬೇಕಿತ್ತು. ಹಳೆ ರಿಂಗ್ ಸವೆದಿತ್ತು ಅಂತ ಗುಜರಿಯಿಂದ ಲಾರಿ ಆಕ್ಸಲ್ ತುಂಡು ತಂದು ಅದರಲ್ಲೇ ರಿಂಗ್ ಮಾಡಿಸಿದ್ದೆವು, ಗಟ್ಟಿ ಇರಲಿ ಅಂತ. ಎರಡನೇ ಸಲ ಅರ್ಜೆಂಟ್ ಇತ್ತು, ಲೋಡ್ ಕಾಯುತ್ತಿತ್ತು, ಅದಕ್ಕೆ ವೆಲ್ಡ್ ಆದ ತಕ್ಷಣ ಬಕೆಟ್ ನೀರು ಸುರಿದು ಆರಿಸಿದರು.

ಕೂರ್ಗಳ್ಳಿ ಸೈಡು (ಮೈಸೂರು)

ಸಿಕ್ಕಿತು ನೋಡಿ. ಆಕ್ಸಲ್ ಅಂದರೆ ನಿಮ್ಮ ಟ್ರೈಲರ್ ಚಾನೆಲ್ (ಚೌಕಟ್ಟಿನ ಕಬ್ಬಿಣ) ಥರ ಮೆತ್ತನೆ ಎಂಎಸ್, ಅಂದರೆ ಮೈಲ್ಡ್ ಸ್ಟೀಲ್, ಅಲ್ಲ. ಅದರಲ್ಲಿ ಕಾರ್ಬನ್ ಜಾಸ್ತಿ. ಎಂಎಸ್‌ನಲ್ಲಿ ಶೇ. 0.2 ಆಸುಪಾಸು ಇದ್ದರೆ ಆಕ್ಸಲ್, ಶಾಫ್ಟ್ ಕಬ್ಬಿಣದಲ್ಲಿ ಸಾಮಾನ್ಯವಾಗಿ ಶೇ. 0.4ರ ಹತ್ತಿರ. ಕಮ್ಮಾರರು ಕುಡುಗೋಲಿಗೆ ಹದ ಕೊಡುವಾಗ ಏನು ಮಾಡುತ್ತಾರೆ? ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ನೀರಿಗೆ ಅದ್ದುತ್ತಾರೆ. ನಿಮ್ಮ ವೆಲ್ಡರ್ ಗೊತ್ತಿಲ್ಲದೆ ಮಾಡಿದ್ದು ಅದೇ. ಬೀಡ್ ಪಕ್ಕದ ಎರಡು ಮೂರು ಮಿ.ಮೀ. ಪಟ್ಟಿ ಗಾಜಿನ ಹಾಗೆ ಗಡುಸಾಗಿ ಹೋಯಿತು. ನೀರು ಸುರಿಯದಿದ್ದರೂ ದಪ್ಪ ತಣ್ಣನೆ ಕಬ್ಬಿಣ ಶಾಖವನ್ನು ಎಳೆದುಕೊಂಡು ಅರ್ಧ ಇದೇ ಕೆಲಸ ಮಾಡುತ್ತದೆ, ನಿಮ್ಮ ಮೊದಲ ಸಲದ ಬಿರುಕು ಹಾಗೆ ಬಂದಿರಬೇಕು.

ಇದರ ಜೊತೆಗೆ ಹೈಡ್ರೋಜನ್. 6013 ರಾಡಿನ ಲೇಪದಲ್ಲಿ ತೇವ ಇರುತ್ತದೆ, ಬಿಸಿಗೆ ಅದು ಒಡೆದು ಹೈಡ್ರೋಜನ್ ಕಬ್ಬಿಣದೊಳಗೆ ಸೇರುತ್ತದೆ. ಗಡುಸು ಪಟ್ಟಿ, ಹೈಡ್ರೋಜನ್, ಎಳೆತ, ಮೂರೂ ಸೇರಿದರೆ ಬಿರುಕು. ಅದೂ ತಕ್ಷಣ ಅಲ್ಲ. ಕೆಲವೊಮ್ಮೆ ಒಂದೆರಡು ದಿನ ಕಳೆದ ಮೇಲೆ. ಅದಕ್ಕೇ ಇಂಥ ಕಬ್ಬಿಣದ ಕೊನೆಯ ಇನ್‌ಸ್ಪೆಕ್ಷನ್ನನ್ನು 48 ಗಂಟೆ ಬಿಟ್ಟು ಮಾಡುವ ಪದ್ಧತಿ ಇದೆ. ವೆಲ್ಡ್ ಮಾಡಿದ ದಿನ ನೋಡಿ ಓಕೆ ಅಂದವರು ಸುಳ್ಳು ಹೇಳಿರಲಿಕ್ಕಿಲ್ಲ, ಆಗ ಬಿರುಕು ಹುಟ್ಟಿಯೇ ಇರಲಿಲ್ಲ.

ಆ ರಿಂಗ್ ಬಿಸಾಕಿ. ವೆಲ್ಡ್ ಮಾಡಲೆಂದೇ ತಯಾರಿಸಿದ ರಿಂಗ್ ತನ್ನಿ. ಅನುಮಾನ ಇದ್ದರೆ ಗ್ರೈಂಡರ್ ಕಿಡಿ ನೋಡಿ: ಎಂಎಸ್ ಆದರೆ ಉದ್ದನೆ ನೇರ ಕಿಡಿ, ಕಾರ್ಬನ್ ಜಾಸ್ತಿ ಇದ್ದರೆ ಸುರ್‌ಸುರ್ ಬತ್ತಿ ಥರ ತುದಿಯಲ್ಲಿ ಚಟಪಟ ಒಡೆಯುತ್ತದೆ. ಅಂದಾಜಿಗೆ ಸಾಕು.

ಗೇಟು ಗ್ರಿಲ್ಲು (ಮದ್ದೂರು)

ಒಪ್ಪಿದೆ ಸರ್, ನಾನು ವೆಲ್ಡರ್ ಮೇಲೆ ಹಾಕಿಬಿಟ್ಟೆ. ಆದರೆ 7018 ಅಂತ ನಾನು ಹೇಳಿದ್ದು ತಪ್ಪಲ್ಲ ಅಲ್ವಾ? ಮನೆಯ ಓವನ್‌ನಲ್ಲಿ ಒಣಗಿಸಿದರೆ ನಡೆಯುತ್ತದಾ?

ಕೂರ್ಗಳ್ಳಿ ಸೈಡು (ಮೈಸೂರು)

7018 ಸರಿಯೇ. ಆದರೆ ಪೊಟ್ಟಣ ಒಡೆದು ಮಳೆಗಾಲ ಪೂರ್ತಿ ಅಂಗಡಿ ಮೂಲೆಯಲ್ಲಿದ್ದ 7018 ಹೆಸರಿಗೆ ಮಾತ್ರ ಲೋ ಹೈಡ್ರೋಜನ್. ಅದನ್ನು ಮತ್ತೆ ಒಣಗಿಸಲು ಸಾಮಾನ್ಯವಾಗಿ 300-350 ಡಿಗ್ರಿಯಲ್ಲಿ ಒಂದೆರಡು ಗಂಟೆ ಬೇಕು, ಕೇಕ್ ಮಾಡುವ ಓವನ್ 250 ದಾಟುವುದು ಕಷ್ಟ. ಬಿಸಿಲಿಗೆ ಇಡುವುದಂತೂ ಸುಮ್ನೆ ಸಮಾಧಾನಕ್ಕೆ. ಸಣ್ಣ ಕೆಲಸಕ್ಕೆ ಹೊಸ ಸೀಲ್ ಪೊಟ್ಟಣ ಒಡೆದು ಆವತ್ತೇ ಬಳಸುವುದು ಸುಲಭ.

ಹಳೇ ಐಟಿಐ (ಶ್ರೀರಂಗಪಟ್ಟಣ)

ವಿಷಯ ಸ್ವಲ್ಪ ಪಕ್ಕಕ್ಕೆ ಹೋಗುತ್ತದೆ, ಆದರೂ ಹೇಳುತ್ತೇನೆ. ನೀರಿನ ಟ್ಯಾಂಕ್ ಥರದ ಕೆಲಸಕ್ಕೆ ಸ್ಪ್ರೇ ಡಬ್ಬಿಯೂ ಬೇಡ. ಒಂದು ಕಡೆ ಸುಣ್ಣದ ತಿಳಿ ಬಳಿದು ಒಣಗಿಸಿ, ಇನ್ನೊಂದು ಕಡೆ ಸೀಮೆಎಣ್ಣೆ ಹಚ್ಚುತ್ತಿದ್ದೆವು. ಸೋರುವ ಜಾಗ ಇದ್ದರೆ ಸುಣ್ಣದ ಮೇಲೆ ಕಪ್ಪು ಕಲೆ ಬರುತ್ತದೆ. ಈಗ ಸೀಮೆಎಣ್ಣೆ ಎಲ್ಲಿ ಸಿಗುತ್ತದೆ, ಡೀಸೆಲ್ ಆದರೂ ನಡೆಯುತ್ತದೆ. ಹತ್ತಿರ ಬೀಡಿ ಹಚ್ಚಬೇಡಿ.

ಮತ್ತೆ ಕಬ್ಬಿನ ಗಾಡಿಯವರೇ, ವೆಲ್ಡ್ ನಯ ಕಾಣಲಿ ಅಂತ ಗ್ರೈಂಡ್ ಮಾಡಿ ತೆಳ್ಳಗೆ ಮಾಡಲು ಬಿಡಬೇಡಿ. ಫಿಲೆಟ್‌ನ ಕಾಲು, ಅಂದರೆ ಮೂಲೆಯಿಂದ ಒಂದು ಬದಿಗೆ ಬೀಡ್ ಹರಡಿದ ಅಳತೆ, 6 ಮಿ.ಮೀ. ಇದ್ದರೆ ಭಾರ ಹೊರುವ ಗಂಟಲು (ಮೂಲೆಯಿಂದ ಬೀಡ್ ಮೇಲ್ಮೈವರೆಗಿನ ದಪ್ಪ) 4.2 ಮಿ.ಮೀ. ಮಾತ್ರ. ಗಂಟಲಲ್ಲಿ ಒಂದು ಮಿ.ಮೀ. ತೀಡಿದರೆ ಸುಮಾರು ನಾಲ್ಕರಲ್ಲಿ ಒಂದು ಪಾಲು ಬಲ ಹೋಯಿತು.

ಕಬ್ಬಿನ ಗಾಡಿ (ಮಂಡ್ಯ)

ಅಪ್ಡೇಟ್. ಹೊಸ ರಿಂಗ್ ತಂದು, ಹಳೆ ವೆಲ್ಡ್ ಪೂರ್ತಿ ತೆಗೆಸಿ, ಅಂಚಿಗೆ ಇಳಿಜಾರು ಕೊಟ್ಟು, ಹೊಸ ಪೊಟ್ಟಣದ 7018ರಲ್ಲಿ ಅದೇ ವೆಲ್ಡರ್ ಕೈಯಲ್ಲಿ ಮಾಡಿಸಿದೆ. ಅವರಿಗೆ ನೀವು ಬರೆದಿದ್ದನ್ನು ಓದಿ ಹೇಳಿದೆ. ಮೊದಲು ಮುಖ ಸಿಂಡರಿಸಿದರು, ಆಮೇಲೆ ಆ ಆಕ್ಸಲ್ ತುಂಡನ್ನು ಅವರೇ ಗ್ರೈಂಡರ್‌ಗೆ ಹಿಡಿದು ಕಿಡಿ ನೋಡಿ ಸುಮ್ಮನಾದರು. ಎರಡು ದಿನ ಬಿಟ್ಟು ಡಿ.ಪಿ. ಹೊಡೆದೆವು. ರಿಂಗ್ ಕಡೆ ಕ್ಲೀನ್. ಆದರೆ ಹಿಂದೆ, ಚಾನೆಲ್ ಅಡ್ಡಪಟ್ಟಿಗೆ ಸೇರುವ ಕಡೆ, ಯಾರೂ ಮುಟ್ಟದ ಫ್ಯಾಕ್ಟರಿ ವೆಲ್ಡ್‌ನ ಅಂಚಲ್ಲಿ ಒಂದು ಇಂಚು ಉದ್ದದ ಕೆಂಪು ಗೆರೆ ಬಂತು. ಗಾಡಿ ನಿಲ್ಲಿಸಿದ್ದೇನೆ. ನಾಳೆ ಅದನ್ನೂ ಬಿಚ್ಚಿಸುತ್ತೇನೆ, ಮತ್ತೆ ಸೇಫ್ಟಿ ಚೈನ್ ಒಂದು ಹಾಕಿಸುತ್ತಿದ್ದೇನೆ. ಫೋಟೋ ಸಂಜೆ ಹಾಕುತ್ತೇನೆ ಸರ್, ನೋಡಿ ಹೇಳಿ.